ಶಿವನಿ, ಅಜ್ಜಂಪುರಗಳ ನಡುವಿನ ತಂತಿ

ಸಾವಿರದ ಒಂಬೈನೂರ ಎಂಬತ್ತಮೂರನೇ ಇಸವಿ, ಜೂನ್ ತಿಂಗಳ ಕೊನೆಯ ಶನಿವಾರ, ಮಧ್ಯಾಹ್ನ ಮೂರು ಗಂಟೆ ಹದಿನೈದು ನಿಮಿಷಕ್ಕೆ ನಾನು ಅಜ್ಜಂಪುರ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಸ್ಟೇಷನ್ ಮಾಸ್ಟರ್ ಕೋಣೆಯ ಬಾಗಿಲಿಗೂ ಸಾಮಾನು ತೂಗುವ ಯಂತ್ರಕ್ಕೂ ನಡುವೆ ನಿಂತಿದ್ದೆ. ಮುಖ ಕೋಣೆಯ ಕಡೆಗಿತ್ತು. ಒಳಗಿನ ಮೇಜು, ಅದರ ಮೇಲಿನ ಫೋನು, ಗೋಡೆಯ ಗಡಿಯಾರ ಮೂರೂ ಕಾಣುತ್ತಿದ್ದವು. ಮೊದಲು ಮೂರು ಹತ್ತು ಎಂದು ಬರೆದಿದ್ದೆ. ಆದರೆ ಬೀರೂರಿನ ಕಡೆ ಹೋಗುವ ಪ್ಯಾಸೆಂಜರ್ ಬಂದದ್ದೇ ಮೂರು ಗಂಟೆಗೆ. ಅದು ಬಂದ ಮೇಲೆ ಎರಡು ಹಾಳೆಗಳನ್ನು ಎಣಿಸಲು ಹದಿನೈದು ನಿಮಿಷವಾದರೂ ಬೇಕು. ಆದ್ದರಿಂದ ಮೂರು ಹದಿನೈದೇ ಸರಿ.

ನಾನು ಕಂಡದ್ದು ಹೊರಗಿನವರ ಕಣ್ಣಿಗೆ ಏನೂ ಅಲ್ಲ. ಅರವತ್ತೇಳು ವರ್ಷದ ಒಬ್ಬ ನಿವೃತ್ತ ಮೇಷ್ಟ್ರು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಎಣಿಸಿದರು, ಪೆನ್ಸಿಲ್ ಕೆಳಗಿಟ್ಟರು, ಮುಂದಿನ ಸ್ಟೇಷನ್ನಾದ ಶಿವನಿಯ ಕಡೆ ಹೋಗುವ ಹಳಿಯನ್ನು ನೋಡುತ್ತ ಕೂತರು. ಅವರ ಮುಖದಲ್ಲಿ ಅಂದು ಏನಿತ್ತೋ ಅದನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ. ಅದನ್ನು ಹೇಳಬೇಕಾದರೆ ಒಂಬತ್ತು ವರ್ಷ ಹಿಂದಿನಿಂದ ಹೇಳಬೇಕು, ಏಕೆಂದರೆ ತಪ್ಪು ಶುರುವಾದದ್ದು ನನ್ನಿಂದ.

ಅವರು ತರೀಕೆರೆಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಏನನ್ನೇ ಆಗಲಿ ಮೊದಲು ಮೇಜಿನ ಮೇಲೆ ಮಾಡಿ ತೋರಿಸಿ, ಆಮೇಲೆ ಬೋರ್ಡಿನ ಮೇಲೆ ಬರೆಯುವುದು ಅವರ ಕ್ರಮ. ನಿವೃತ್ತರಾದ ಮೇಲೆ ಸ್ವಂತ ಊರಾದ ಅಜ್ಜಂಪುರಕ್ಕೆ ಬಂದರು. ಮನೆಯವರದು ಹುರುಳಿ, ಕಡಲೆಯ ವ್ಯಾಪಾರ. ಮೇಷ್ಟ್ರು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಅಣುವಿನ ಒಳಗಿನ ಲೋಕವನ್ನು ಕನ್ನಡದಲ್ಲಿ, ಹತ್ತನೇ ತರಗತಿ ಓದಿದ ಯಾರಿಗಾದರೂ ತಿಳಿಯುವ ಹಾಗೆ ಬರೆಯತೊಡಗಿದರು. ಆ ಹೊತ್ತಿಗೆ ನಾನು ಕಡೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಎಪ್ಪತ್ನಾಲ್ಕರಲ್ಲಿ ಒಂದು ದಿನ ಅವರು ಕಡೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಬಸ್ಸಿಗೆ ಐದು ನಿಮಿಷ ಇತ್ತು.

"ಒಂದು ಕೇಳ್ತೀನಿ, ಹೇಳು. ಒಂದೇ ಕಡೆ ಹುಟ್ಟಿದ ಎರಡು ಕಣ ದೂರ ದೂರ ಹೋಗ್ತವೆ. ಇಲ್ಲಿ ಒಂದನ್ನ ಅಳೆದ್ರೆ ಅಲ್ಲಿಂದು ಹಿಂಗೇ ಅಂತ ಗೊತ್ತಾಗುತ್ತೆ. ಅವು ಹೊರಡುವಾಗ್ಲೇ ತೀರ್ಮಾನ ಮಾಡ್ಕೊಂಡು ಹೊರಡ್ತವೋ, ಅಳೆಯೋ ಹೊತ್ತಲ್ಲಿ ತೀರ್ಮಾನ ಮಾಡ್ತವೋ?"

"ಹೊರಡುವಾಗ್ಲೇ ಸಾರ್," ಎಂದೆ.

ಅಷ್ಟೆ. ನಾನು ಆ ವಿಷಯ ಓದಿರಲಿಲ್ಲ. ಐರ್ಲೆಂಡಿನ ಒಬ್ಬ ವಿಜ್ಞಾನಿ ಹತ್ತು ವರ್ಷ ಮೊದಲೇ ಆ ಪ್ರಶ್ನೆಯನ್ನು ಲೆಕ್ಕಕ್ಕೆ ತಂದು ನಿಲ್ಲಿಸಿದ್ದರು ಎಂಬುದೂ ಗೊತ್ತಿರಲಿಲ್ಲ. ಎಂ.ಎಸ್ಸಿ. ಮಾಡಿದವನು ಗೊತ್ತಿಲ್ಲ ಅನ್ನುವುದು ಹೇಗೆಂದು ಹೇಳಿದ ಉತ್ತರ ಅದು. ಮೇಷ್ಟ್ರು ತಲೆಯಾಡಿಸಿ ಬಸ್ ಹತ್ತಿದರು.

ಆ ಉತ್ತರದ ಮೇಲೆ ಅವರು ಪುಸ್ತಕದ ಕೊನೆಯ ಅಧ್ಯಾಯ ಕಟ್ಟಿದರು. ಅದರ ಹೆಸರು "ಒಂದೇ ಕಾಯಿಯ ಎರಡು ಹೋಳು". ತೆಂಗಿನಕಾಯಿ ಒಡೆದರೆ ಒಂದು ಹೋಳಿನಲ್ಲಿ ಕಣ್ಣಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನೋಡದೆ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಒಂದನ್ನು ಕಡೂರಿಗೆ, ಒಂದನ್ನು ತರೀಕೆರೆಗೆ ಕಳಿಸಿ. ಕಡೂರಿನಲ್ಲಿ ಬಿಚ್ಚಿದವನು ಕಣ್ಣು ಕಂಡ ಕೂಡಲೇ ತರೀಕೆರೆಯ ಹೋಳಿಗೆ ಕಣ್ಣಿಲ್ಲ ಎಂದು ಹೇಳಬಲ್ಲ. ಇದರಲ್ಲಿ ಸೋಜಿಗವೇನೂ ಇಲ್ಲ, ಹೋಳುಗಳು ಒಂದಕ್ಕೊಂದು ಸುದ್ದಿ ಕಳಿಸಲಿಲ್ಲ, ಕಣಗಳೂ ಹೀಗೆಯೇ. ಪುಸ್ತಕ ಇಲ್ಲಿಗೆ ಮುಗಿಯುತ್ತಿತ್ತು. ಓದಿದವರೆಲ್ಲ ಆ ಅಧ್ಯಾಯವನ್ನೇ ಹೊಗಳುತ್ತಿದ್ದರು. ನಾನೂ ಹೊಗಳಿದ್ದೆ.

ಎಂಬತ್ತಮೂರರ ಮೇ ತಿಂಗಳಲ್ಲಿ ಪುಸ್ತಕ ತರೀಕೆರೆಯ ಒಂದು ಸಣ್ಣ ಅಚ್ಚುಕೂಟದಲ್ಲಿತ್ತು. ಸೀಸದ ಮೊಳೆ ಒಂದೊಂದನ್ನೇ ಜೋಡಿಸಿ ಅಚ್ಚು ಹಾಕುವ ಕಾಲ. ಅಲ್ಲಿ ಮೊಳೆ ಕಡಿಮೆ. ಹದಿನಾರು ಪುಟ ಜೋಡಿಸಿ ಅಚ್ಚು ಹಾಕಿ, ಅದೇ ಮೊಳೆ ಬಿಚ್ಚಿ ಮುಂದಿನ ಹದಿನಾರು ಪುಟ ಜೋಡಿಸಬೇಕು. ಅದೇ ತಿಂಗಳಲ್ಲಿ ನಾನು ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹೋಗಿದ್ದೆ. ಬಿಡುವಿದ್ದ ಒಂದು ಮಧ್ಯಾಹ್ನ ಅಲ್ಲಿನ ಗ್ರಂಥಾಲಯದಲ್ಲಿ ಹೊಸ ಪತ್ರಿಕೆಗಳನ್ನು ತಿರುವುತ್ತಿದ್ದಾಗ, ಫ್ರಾನ್ಸಿನಲ್ಲಿ ಹಿಂದಿನ ವರ್ಷ ಮುಗಿದಿದ್ದ ಪ್ರಯೋಗದ ವರದಿ ಕಣ್ಣಿಗೆ ಬಿತ್ತು. ಜೊತೆಗೆ ಅದರ ಅರ್ಥವನ್ನು ಬಿಡಿಸಿ ಹೇಳುವ ಇನ್ನೊಂದು ಲೇಖನ. ಎರಡನ್ನೂ ಎರಡೆರಡು ಸಲ ಓದಿದೆ. ಓದಿ ಮುಗಿದ ಮೇಲೆ ಎರಡು ಕೈಯನ್ನೂ ಮೇಜಿನ ಮೇಲೆ ಚಾಚಿ ಎಡಗೈ ಬಲಗೈ ನೋಡಿಕೊಂಡು ಕೂತೆ. ಎಷ್ಟು ಹೊತ್ತೆಂದು ಹೇಳಲಾರೆ. ಅಟೆಂಡರ್ ಬಂದು "ಸಾರ್, ಮೈಗೆ ಹುಷಾರಿಲ್ವಾ?" ಎಂದು ಕೇಳಿದ.

ನನಗೆ ಅಂದು ತಿಳಿದದ್ದನ್ನು ಆದಷ್ಟು ಸರಳವಾಗಿ ಬರೆಯುತ್ತೇನೆ. ಬೆಳಕಿನ ಎರಡು ಕಣಗಳು ಒಂದೇ ಕಡೆ ಹುಟ್ಟಿ ಎದುರುಬದುರು ದಿಕ್ಕಿಗೆ ಹಾರುತ್ತವೆ. ಎರಡು ತುದಿಯಲ್ಲೂ ಒಂದೊಂದು ಗಾಜಿನ ಜರಡಿ ಇದೆ. ಜರಡಿಯನ್ನು ಮೂರು ಓರೆಗಳಲ್ಲಿ ಯಾವುದಾದರೊಂದರಲ್ಲಿ ನಿಲ್ಲಿಸಬಹುದು. ಕಣ ಅದನ್ನು ದಾಟುತ್ತದೆ, ಇಲ್ಲವೇ ದಾಟುವುದಿಲ್ಲ. ಅಂದರೆ ಕಣಕ್ಕೆ ಮೂರು ಪ್ರಶ್ನೆಗಳಲ್ಲಿ ಒಂದನ್ನು ಕೇಳುತ್ತೇವೆ. ಅದು ಹೌದು ಎನ್ನುತ್ತದೆ ಅಥವಾ ಇಲ್ಲ ಎನ್ನುತ್ತದೆ. ಎರಡು ತುದಿಯಲ್ಲೂ ಅದೇ ಪ್ರಶ್ನೆ ಕೇಳಿದರೆ ಎರಡರ ಉತ್ತರವೂ ಒಂದೇ, ಯಾವಾಗಲೂ. ಬೇರೆ ಬೇರೆ ಪ್ರಶ್ನೆ ಕೇಳಿದರೆ ನಾಲ್ಕರಲ್ಲಿ ಒಂದು ಸಲ ಮಾತ್ರ ಉತ್ತರ ಒಂದೇ ಆಗುತ್ತದೆ.

ಈಗ ಕಣಗಳು ಉತ್ತರವನ್ನು ಗಂಟು ಕಟ್ಟಿಕೊಂಡೇ ಹೊರಟಿವೆ ಎಂದುಕೊಳ್ಳೋಣ. ಯಾವ ಪ್ರಶ್ನೆ ಬರುತ್ತದೋ ಗೊತ್ತಿಲ್ಲವಾದ್ದರಿಂದ ಮೂರಕ್ಕೂ ಉತ್ತರ ಗಂಟಿನಲ್ಲಿ ಇರಬೇಕು, ಎರಡು ಗಂಟಿನಲ್ಲೂ ಅವೇ ಉತ್ತರ ಇರಬೇಕು. ಪ್ರಶ್ನೆ ಮೂರು, ಉತ್ತರದ ಬಗೆ ಎರಡೇ. ಹಾಗಾದ ಮೇಲೆ ಯಾವುದಾದರೂ ಎರಡು ಪ್ರಶ್ನೆಯ ಉತ್ತರ ಒಂದೇ ಆಗಲೇಬೇಕು. ಒಂದು ಎರಡು, ಎರಡು ಮೂರು, ಒಂದು ಮೂರು ಎಂಬ ಮೂರು ಜೊತೆಗಳಲ್ಲಿ ಒಂದು ಜೊತೆಯಾದರೂ ಹೊಂದುತ್ತದೆ. ಮೂರರಲ್ಲಿ ಒಂದಕ್ಕಿಂತ ಕಡಿಮೆ ಆಗಲಾರದು. ಕಣಗಳು ಕೊಡುವುದು ನಾಲ್ಕರಲ್ಲಿ ಒಂದು.

ಇದರಲ್ಲಿ ಗಣಿತವೇ ಇಲ್ಲ. ಮೂರು ಕಡ್ಡಿ, ಎರಡು ಡಬ್ಬಿ. ಯಾವುದಾದರೂ ಡಬ್ಬಿಗೆ ಎರಡು ಕಡ್ಡಿ ಬೀಳಲೇಬೇಕು. ಅಷ್ಟು ಸಣ್ಣ ಮಾತಿನಿಂದ ಗಂಟು ಕಟ್ಟಿಕೊಂಡು ಹೊರಡುವ ಕಥೆ ಮುಗಿದುಹೋಯಿತು. ನಿಜವಾದ ಪ್ರಯೋಗದಲ್ಲಿ ಓರೆಗಳೂ ಲೆಕ್ಕವೂ ಇದಕ್ಕಿಂತ ಬೇರೆ. ಮೂರು ಪ್ರಶ್ನೆಯ ರೂಪ ತಿಳಿಸಲು ಸುಲಭವೆಂದು ಇಲ್ಲಿ ಹೇಳಿದ್ದೇನೆ. ಎಲ್ಲ ಕಣಗಳೂ ಎಣಿಕೆಗೆ ಸಿಕ್ಕಿಲ್ಲ ಎಂಬ ಆಕ್ಷೇಪವೂ ಆಗ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಕಣಗಳು ಹಾರುತ್ತಿರುವಾಗಲೇ ಪ್ರಶ್ನೆ ಬದಲಾಗುವಂತೆ ಫ್ರಾನ್ಸಿನವರು ಏರ್ಪಾಡು ಮಾಡಿದ್ದರು. ಒಂದು ತುದಿಯ ಪ್ರಶ್ನೆ ಇನ್ನೊಂದು ತುದಿಗೆ ತಿಳಿಯಬೇಕಾದರೆ ಸುದ್ದಿ ಬೆಳಕಿಗಿಂತ ವೇಗವಾಗಿ ಓಡಬೇಕಿತ್ತು.

ಊರಿಗೆ ಬಂದ ದಿನವೇ ಅಚ್ಚುಕೂಟಕ್ಕೆ ಹೋಗಿ ವಿಚಾರಿಸಿದೆ. ಪುಸ್ತಕದ ಕೊನೆಯ ಎರಡು ಭಾಗ ಉಳಿದಿತ್ತು. ತೆಂಗಿನಕಾಯಿಯ ಅಧ್ಯಾಯ ಕೊನೆಯ ಭಾಗದಲ್ಲಿತ್ತು. ಇನ್ನು ತಿಂಗಳೊಳಗೆ ಅಚ್ಚಾಗುತ್ತದೆ ಎಂದರು.

ಎರಡು ವಾರ ನಾನು ಅಜ್ಜಂಪುರದ ಕಡೆ ತಲೆ ಹಾಕಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಹೇಳಿದರೆ ಅವರ ಹತ್ತು ವರ್ಷದ ಕೆಲಸದ ತುದಿ ಮುರಿಯುತ್ತದೆ, ಮುರಿದವನು ನಾನು. ಕೊನೆಗೆ ಹೋದೆ. ಅವರು ಕಡಲೆ ಮೂಟೆಗೆ ಒರಗಿ ಕರಡು ತಿದ್ದುತ್ತಿದ್ದರು. ಎಲ್ಲವನ್ನೂ ಹೇಳಿದೆ, ಎಪ್ಪತ್ನಾಲ್ಕರ ಬಸ್ ಸ್ಟ್ಯಾಂಡಿನ ವಿಷಯ ಒಂದನ್ನು ಬಿಟ್ಟು. ಅದನ್ನು ಹೇಳಲು ಬಾಯಿ ಬರಲಿಲ್ಲ.

"ಪುಸ್ತಕದಲ್ಲಿ ಓದಿ ಹೇಳ್ತಿದೀಯೋ, ಕಂಡು ಹೇಳ್ತಿದೀಯೋ?" ಎಂದರು.

"ಓದಿ, ಸಾರ್."

"ಹಂಗಾದ್ರೆ ನಾನು ಕಾಣೋವರೆಗೂ ನನ್ನ ಕಾಯಿ ಒಡೀಬೇಡ. ಇಬ್ಬರು ಬುದ್ಧಿವಂತರು ಮೊದಲೇ ಕೂತು ಮಾತಾಡ್ಕೊಂಡ್ರೆ ನಾಲ್ಕರಲ್ಲಿ ಒಂದು ತರಕ್ಕೆ ಆಗಲ್ವೇನೋ? ಮೇಜಿನ ಮೇಲೆ ಮಾಡಿ ನೋಡೋಣ."

ಅವರ ಮೇಜು ಈ ಸಲ ಎರಡು ಸ್ಟೇಷನ್ನಿನಷ್ಟು ಉದ್ದವಾಯಿತು. ಅಜ್ಜಂಪುರದ ಸ್ಟೇಷನ್ ಮಾಸ್ಟರ್ ತರೀಕೆರೆಯಲ್ಲಿ ನನ್ನ ಜೊತೆ ಓದಿದವನು, ಅವರದೇ ಶಿಷ್ಯ. ಮುಂದಿನ ಸ್ಟೇಷನ್ ಶಿವನಿ. ಅಲ್ಲಿನ ಸ್ಟೇಷನ್ ಮಾಸ್ಟರ್ ಅವನಿಗೆ ಹಳೆಯ ಸ್ನೇಹಿತ. ಮೇಷ್ಟ್ರ ಮಗಳು ಶಿವನಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಶನಿವಾರ ಬೆಳಗಿನ ಪಾಳಿ ಮುಗಿದ ಮೇಲೆ ಇಬ್ಬರು ಮಾಸ್ಟರುಗಳೂ ಬಿಡುವಾಗಿ ಕೂರುವುದೆಂದು ಗೊತ್ತಾಯಿತು. ಅಜ್ಜಂಪುರದಲ್ಲಿ ಮೇಷ್ಟ್ರು, ಶಿವನಿಯಲ್ಲಿ ಮಗಳು ಒಂದೊಂದು ಡಬ್ಬಿ ಇಟ್ಟುಕೊಂಡು ಅರ್ಧ ನಿಮಿಷಕ್ಕೊಂದು ಚೀಟಿ ತೆಗೆಯಬೇಕು. ಚೀಟಿಯಲ್ಲಿ ಒಂದು, ಎರಡು ಅಥವಾ ಮೂರು ಎಂದಿರುತ್ತದೆ. ಮಾಸ್ಟರುಗಳು ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಮೊದಲೇ ಏನು ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದು. ಶುರುವಾದ ಮೇಲೆ ಫೋನಿನಲ್ಲಿ ಮಾತಿಲ್ಲ. ಒಟ್ಟು ಮುನ್ನೂರು ಚೀಟಿ. ಶಿವನಿಯ ಹಾಳೆಯನ್ನು ಮಗಳು ಮೂರು ಗಂಟೆಯ ಪ್ಯಾಸೆಂಜರಿನಲ್ಲಿ ತರಬೇಕು.

ಮೊದಲ ಶನಿವಾರ ನನಗೆ ಕಾಲೇಜಿತ್ತು. ಕಡೂರಿನಿಂದ ಬಸ್ ಹಿಡಿದು ಬರುವಷ್ಟರಲ್ಲಿ ಪ್ಯಾಸೆಂಜರ್ ಬಂದು ನಿಂತಿತ್ತು. ಮೇಷ್ಟ್ರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಆಗಲೇ ಎಣಿಸುತ್ತಿದ್ದರು. ಚೀಟಿಯನ್ನೂ ಅಲ್ಲೇ ಕೂತು ತೆಗೆದು, ಕಿಟಕಿಯಲ್ಲಿ ಒಳಗೆ ಕೊಡುತ್ತಿದ್ದರಂತೆ. ಎರಡು ಕಡೆ ಒಂದೇ ಪ್ರಶ್ನೆ ಬಂದದ್ದು ತೊಂಬತ್ತೇಳು ಸಲ. ತೊಂಬತ್ತೇಳೂ ಸಲ ಉತ್ತರ ಒಂದೇ. ಬೇರೆ ಪ್ರಶ್ನೆ ಬಂದದ್ದು ಇನ್ನೂರ ಮೂರು ಸಲ. ಅದರಲ್ಲಿ ಉತ್ತರ ಹೊಂದಿದ್ದು ಐವತ್ತೊಂದು.

"ನಾಲ್ಕರಲ್ಲಿ ಒಂದು," ಎಂದರು ಮೇಷ್ಟ್ರು. "ಹೋಗು, ನಿನ್ನ ಫ್ರಾನ್ಸಿನವರಿಗೆ ಕಾಗದ ಬರಿ. ಇಬ್ಬರು ಸ್ಟೇಷನ್ ಮಾಸ್ಟರು ಮಾಡೋದನ್ನ ಅವರು ಇಷ್ಟು ದೊಡ್ಡದು ಮಾಡಿದಾರೆ ಅಂತ."

ಸ್ಟೇಷನ್ ಮಾಸ್ಟರ್ ಬಾಗಿಲಲ್ಲಿ ನಿಂತು ನಗುತ್ತಿದ್ದ. "ಕಾಲೇಜಲ್ಲಿ ಪಾಠ ಮಾಡೋರಿಗೆ ರೈಲ್ವೆಯವರ ಬುದ್ಧಿ ಎಲ್ಲಿಂದ ಬರಬೇಕು ಬಿಡಿ ಸಾರ್."

ಐವತ್ತೊಂದು ಬರಲು ಸಾಧ್ಯವಿಲ್ಲ. ಅರವತ್ತೇಳು ಅರವತ್ತೆಂಟರ ಹತ್ತಿರ ಬರಬೇಕು. ನಾನು ತೂಕದ ಯಂತ್ರದ ಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ, ಎರಡು ಚೌಕ ಬರೆದು ಮತ್ತೆ ನೋಡಿದೆ. ಮೂರು ಕಡ್ಡಿ ಎರಡು ಡಬ್ಬಿಗೆ ಬಿಡಿಬಿಡಿಯಾಗಿ ಬೀಳುವುದು ಹೇಗೆ? ಆ ಐದು ನಿಮಿಷ ನನಗೆ ಕಂಡದ್ದರ ಮೇಲೂ ನಂಬಿಕೆ ಇರಲಿಲ್ಲ, ಎಣಿಸಿದ್ದರ ಮೇಲೂ ಇರಲಿಲ್ಲ.

ಮೇಷ್ಟ್ರ ಮಗಳು ನನ್ನ ಪಕ್ಕಕ್ಕೆ ಬಂದು, "ಯಾಕಣ್ಣ, ಹಿಂಗೆ ನಿಂತ್ಬಿಟ್ರಿ? ನನಗಂತೂ ತಲೆ ಚಿಟ್ಟು ಹಿಡಿದುಹೋಯ್ತು. ಒಂದೊಂದು ಚೀಟಿಗೂ ಫೋನು ಗಂಟೆ ಹೊಡೆಯೋದು," ಎಂದಳು.

"ಯಾವ ಗಂಟೆ?"

"ಅದೇ, ಇಲ್ಲಿಂದ ಬರ್ತಿತ್ತಲ್ಲ. ಒಂದ್ಸಲ ಒಂದು, ಒಂದ್ಸಲ ಎರಡು, ಮೂರು. ರೈಲ್ವೆಯವರದ್ದು ಏನೋ ಇರಬೇಕು ಅಂತ ಸುಮ್ನಿದ್ದೆ."

ಎರಡು ಸ್ಟೇಷನ್ನುಗಳ ನಡುವೆ ಹಿಡಿ ತಿರುಗಿಸುವ ಒಂದು ಹಳೆಯ ಫೋನಿತ್ತು. ಇಲ್ಲಿ ತಿರುಗಿಸಿದರೆ ಅಲ್ಲಿ ಗಂಟೆಯಾಗುತ್ತದೆ, ಇಲ್ಲಿ ಕೇಳುವುದಿಲ್ಲ. ಮೇಷ್ಟ್ರು ಎದ್ದು ಬಾಗಿಲಿಗೆ ಬಂದರು.

"ಲೇ, ಫೋನು ಮುಟ್ಟಿದ್ದೇನೋ?"

"ಮಾತಾಡ್ಲಿಲ್ಲ ಸಾರ್, ಆಣೆಗೂ. ಬರೀ ಗಂಟೆ ಕೊಟ್ಟೆ."

"ಯಾಕೆ ಕೊಟ್ಟೆ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ಅಂದ್ರೆ? ಆ ಕಡೆಗೆ ತಿಳಿಸದೆ ಈ ಕಡೆ ರಿಜಿಸ್ಟರಲ್ಲಿ ಬರೆಯೋದು ಹೆಂಗೆ ಸಾರ್? ನನ್ನ ಸರ್ವೀಸಲ್ಲಿ ಒಂದು ಸಾಲೂ ಹಂಗೆ ಬರ್ದಿಲ್ಲ."

ಅವನ ಮಾತು ನಿಜ. ಒಂದೇ ಹಳಿಯ ಮೇಲೆ ಎರಡು ಕಡೆಯಿಂದ ರೈಲು ಓಡುವ ಜಾಗದಲ್ಲಿ ಅವರ ಬದುಕೇ ಹಾಗೆ. ಅವನ ಕೋಣೆಯ ಮೂಲೆಯಲ್ಲಿ ಟೋಕನ್ ಯಂತ್ರವಿತ್ತು, ಅದರ ಹೊಟ್ಟೆಯಲ್ಲಿ ಉಕ್ಕಿನ ಗುಂಡುಗಳು. ಗುಂಡು ಕೈಗೆ ಬರದೆ ಡ್ರೈವರ್ ರೈಲು ಬಿಡುವಂತಿಲ್ಲ. ಶಿವನಿಯಲ್ಲಿ ಅಂಥದೇ ಇನ್ನೊಂದು ಯಂತ್ರ. ಇಲ್ಲಿ ಒಂದು ಗುಂಡು ಹೊರಬಂದರೆ ಅಲ್ಲಿಯ ಯಂತ್ರಕ್ಕೆ ಬೀಗ ಬಿದ್ದ ಹಾಗೆ, ಇಲ್ಲಿಯದಕ್ಕೂ ಹಾಗೆಯೇ. ಆ ಕಡೆ ಒಪ್ಪದೆ ಈ ಕಡೆ ಏನೂ ನಡೆಯದು. ಇಷ್ಟು ವರ್ಷ ಹಾಗೆ ದುಡಿದ ಕೈ ಚೀಟಿ ಕಂಡ ಕೂಡಲೇ ಫೋನಿನ ಹಿಡಿಗೆ ಹೋಗಿತ್ತು. ಅಜ್ಜಂಪುರದ ಉತ್ತರಗಳ ಪಟ್ಟಿ ಇಬ್ಬರ ಬಳಿಯೂ ಇತ್ತು. ಪ್ರಶ್ನೆ ಯಾವುದೆಂದು ಗಂಟೆಯಿಂದ ತಿಳಿದ ಮೇಲೆ ಶಿವನಿಯ ಮಾಸ್ಟರಿಗೆ ಉಳಿದದ್ದು ಸುಲಭ, ತಮ್ಮ ಪ್ರಶ್ನೆಯೂ ಅದೇ ಆದರೆ ಅದೇ ಉತ್ತರ, ಬೇರೆಯಾದರೆ ನಾಲ್ಕರಲ್ಲಿ ಒಂದು ಸಲ ಮಾತ್ರ ಅದೇ. ಮೋಸ ಮಾಡಿದೆವೆಂದು ಇಬ್ಬರಿಗೂ ಅನಿಸಿರಲಿಲ್ಲ.

ಎಲ್ಲರೂ ನಕ್ಕೆವು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ಮುಗಿದ ಮೇಲೆ ಅವರು ಮೂಲೆಯ ಯಂತ್ರದ ಹತ್ತಿರ ಹೋಗಿ, ಅದರ ಹಿಂದಿನಿಂದ ಹೊರಟು ಗೋಡೆಯ ತೂತಿನಲ್ಲಿ ಹೊರಗೆ ಹೋಗುವ ತಂತಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿದರು. ಕಿಟಕಿಯ ಹೊರಗೆ ಕಂಬ, ಆಚೆ ಇನ್ನೊಂದು ಕಂಬ.

"ಮುಂದಿನ ಶನಿವಾರ ಮತ್ತೆ ಮಾಡೋಣ," ಎಂದರು. "ಪಟ್ಟಿ ನಾನೇ ಮಾಡ್ತೀನಿ. ಫೋನಿನ ಮೇಲೆ ಕೈ ಇಟ್ಕೊಂಡು ನಾನೇ ಕೂರ್ತೀನಿ."

ಆ ವಾರವೆಲ್ಲ ಅವರು ಅಂಗಡಿಯ ಹಿಂದೆ ಕೂತು ಹುರುಳಿಕಾಳು, ಕಡಲೆಕಾಳು ಜೋಡಿಸಿ ಪಟ್ಟಿ ಮಾಡಿದರೆಂದು ಮಗಳು ಆಮೇಲೆ ಹೇಳಿದಳು. ಹೌದಕ್ಕೆ ಕಡಲೆ, ಇಲ್ಲಕ್ಕೆ ಹುರುಳಿ. ಮೂರು ಮೂರು ಕಾಳಿನ ಸಾಲು. ನೂರಾರು ಸಾಲು. ಗುರುವಾರದ ಹೊತ್ತಿಗೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವಂತೆ. ಆ ನಡುವೆ ಅಚ್ಚುಕೂಟದಿಂದ ಆಳು ಬಂದು, ಕೊನೆಯ ಭಾಗ ಜೋಡಿಸಿ ಆಗಿದೆ, ಸೋಮವಾರ ಅಚ್ಚು ಎಂದು ಹೇಳಿಹೋಗಿದ್ದ.

ಎರಡನೆಯ ಶನಿವಾರ ನಾನು ರಜೆ ಹಾಕಿ ಬೆಳಿಗ್ಗೆಯೇ ಬಂದಿದ್ದೆ. ಹನ್ನೆರಡು ಗಂಟೆಗೆ ಶುರುವಾಯಿತು. ಮೇಷ್ಟ್ರು ಎಡಗೈಯನ್ನು ಫೋನಿನ ಮೇಲೆ ಇಟ್ಟು, ಬಲಗೈಯಲ್ಲಿ ಚೀಟಿ ತೆಗೆದರು. ಸ್ಟೇಷನ್ ಮಾಸ್ಟರ್ ಪಟ್ಟಿ ನೋಡಿ ಬರೆದ, ಶಿವನಿಯಲ್ಲೂ ಅದೇ ಪಟ್ಟಿ ಇತ್ತು. ಮೊದಲ ಹತ್ತು ಚೀಟಿಗೆ ಅವನ ಕೈ ಎರಡು ಸಲ ಫೋನಿನ ಕಡೆ ತಾನಾಗಿ ಎದ್ದಿತು. ಎರಡು ಸಲವೂ ಅವನೇ ಎಳೆದುಕೊಂಡ. ಎರಡೂವರೆಗೆ ಮುನ್ನೂರು ಮುಗಿಯಿತು. ಮೂರಕ್ಕೆ ಪ್ಯಾಸೆಂಜರ್ ಬಂತು. ಮಗಳು ಹಾಳೆಯನ್ನು ಎದೆಗೆ ಒತ್ತಿಕೊಂಡು ಇಳಿದಳು. ಈ ಸಲ ಶಿವನಿಯ ಮಾಸ್ಟರೂ ಜೊತೆಗೆ ಬಂದಿದ್ದರು. "ಮೇಷ್ಟ್ರೇ, ಗಂಟೆ ಇಲ್ಲದೆ ಬರೆಯೋದು ಅಂದ್ರೆ ಕತ್ತಲಲ್ಲಿ ಬಾವಿಗಿಳಿದಂಗಾಗಿತ್ತು," ಎಂದರು.

ಮೇಷ್ಟ್ರು ಎಣಿಸಿದರು. ಒಂದೇ ಪ್ರಶ್ನೆ ನೂರ ನಾಲ್ಕು ಸಲ. ನೂರ ನಾಲ್ಕೂ ಸಲ ಉತ್ತರ ಒಂದೇ. ಬೇರೆ ಪ್ರಶ್ನೆ ನೂರ ತೊಂಬತ್ತಾರು ಸಲ. ಉತ್ತರ ಹೊಂದಿದ್ದು ಅರವತ್ತಾರು. ಮೂರರ ಒಂದು ಪಾಲು, ಇನ್ನೊಂದು ಕಾಳು ಹೆಚ್ಚು. ಆಗ ಪೆನ್ಸಿಲ್ ಕೆಳಗಿಟ್ಟರು. ನಾನು ಮೊದಲು ಹೇಳಿದ ಗಳಿಗೆ ಇದು.

ಆಮೇಲೆ ಫೋನಿನಿಂದ ಕೈ ತೆಗೆಯದೆ ಕೇಳಿದರು. "ನಮಗೆ ತಂತಿ ಇದ್ದಾಗ ನಾಲ್ಕರಲ್ಲಿ ಒಂದು ಬಂತು. ತಂತಿ ಇಲ್ಲದಾಗ ಮೂರರಲ್ಲಿ ಒಂದು. ಆ ಕಣಗಳಿಗೆ ನಾಲ್ಕರಲ್ಲಿ ಒಂದು ಬರುತ್ತೆ. ಅವುಗಳ ತಂತಿ ಎಲ್ಲಿದೆ?"

"ಸಿಕ್ಕಿಲ್ಲ ಸಾರ್. ಇದ್ದರೂ ಬೆಳಕಿಗಿಂತ ವೇಗ ಬೇಕು."

ಸ್ಟೇಷನ್ ಮಾಸ್ಟರ್ ಯಂತ್ರದ ಕಡೆ ನೋಡಿ, "ಹಂಗಾದ್ರೆ ಅದರಲ್ಲಿ ಶಿವನೀಗೆ ಲೈನ್ ಕ್ಲಿಯರ್ ಕೇಳಬಹುದೇನೋ?" ಎಂದ. ರೈಲು ಬಿಡಲು ಮುಂದಿನ ಸ್ಟೇಷನ್ನಿನ ಒಪ್ಪಿಗೆ ಕೇಳುವುದಕ್ಕೆ ಅವರ ಮಾತು ಅದು.

"ಆಗಲ್ಲ," ಎಂದೆ. "ಒಂದು ಅಕ್ಷರವೂ ಕಳಿಸಕ್ಕಾಗಲ್ಲ. ಇಲ್ಲಿ ಕೂತೋನಿಗೆ ಹೌದು ಇಲ್ಲ, ಹೌದು ಇಲ್ಲ ಅಂತ ಅಡ್ಡಾದಿಡ್ಡಿ ಕಾಣುತ್ತೆ. ಅಲ್ಲಿ ಕೂತೋನಿಗೂ ಅಷ್ಟೆ. ಎರಡು ಹಾಳೆ ಒಂದೇ ಮೇಜಿನ ಮೇಲೆ ಬಂದಾಗ್ಲೇ ಹೊಂದಿಕೆ ಕಾಣೋದು."

"ಅಂದ್ರೆ ಪ್ಯಾಸೆಂಜರ್ ಬರೋವರ್ಗೂ ಏನೂ ಇಲ್ಲ."

"ಏನೂ ಕಾಣಲ್ಲ."

"ಸುದ್ದಿ ಹೋಗಲ್ಲ, ಒಪ್ಪಂದ ಇಲ್ಲ, ಆದ್ರೂ ಹೊಂದುತ್ತೆ," ಎಂದು ಅವನು ನಿಧಾನವಾಗಿ ಹೇಳಿದ. ರಿಜಿಸ್ಟರ್ ಮುಚ್ಚಿದ.

ಹಳಿ ಬಿಸಿಲಿಗೆ ಹೊಳೆಯುತ್ತಿತ್ತು. ಹತ್ತು ವರ್ಷ ಪಾಠ ಮಾಡಿದ ನನಗೆ ಆ ಹಳಿಯ ಆ ತುದಿ ಈ ತುದಿ ಎರಡು ಬೇರೆ ಜಾಗ ಎಂಬುದು ಯಾವಾಗಲೂ ಕೇಳದೇ ಒಪ್ಪಿಕೊಂಡ ಮಾತಾಗಿತ್ತು. ಆ ಮಾತಿನಲ್ಲೇ ಎಲ್ಲೋ ಏನೋ ಸಡಿಲವಾಗಿದೆ ಎಂದು ಆಗ ಮೊದಲ ಸಲ ಮೈಗೆ ತಿಳಿಯಿತು. ಓದಿದಾಗ ತಲೆಗೆ ತಿಳಿದಿತ್ತು. ಮೇಷ್ಟ್ರ ಕಣ್ಣಿನಲ್ಲಿ ನೀರಿತ್ತು. ಪುಸ್ತಕ ಹೋಯಿತೆಂಬ ದುಃಖ ಎಂದುಕೊಂಡು ನಾನು, "ಸಾರ್, ತಪ್ಪು ನಂದು," ಎಂದೆ. ಎಪ್ಪತ್ನಾಲ್ಕರಲ್ಲಿ ಓದದೆ ಹೇಳಿದ್ದೆ ಎಂದು ಎಲ್ಲರೆದುರಿಗೆ ಹೇಳಿದೆ.

"ಗೊತ್ತಿತ್ತು ಕಣೋ," ಎಂದರು. "ಅವತ್ತು ನೀನು ಬೇಗ ಉತ್ತರ ಹೇಳ್ದೆ. ಓದಿದ್ರೆ ತಡ ಮಾಡ್ತಿದ್ದೆ. ನನಗೆ ಬೇಕಾಗಿದ್ದ ಉತ್ತರ ಅದೇ ಆಗಿತ್ತು, ತಗೊಂಡು ಬಸ್ ಹತ್ತಿದೆ." ಆಮೇಲೆ ಕಣ್ಣೊರೆಸಿಕೊಂಡು, "ಅದಕ್ಕಲ್ಲ ಇದು. ಇಂಥದ್ದು ಇದೆ ಅಂತ ಗೊತ್ತಾಗದೆ ಸತ್ತುಹೋಗ್ತಿದ್ನಲ್ಲ. ತರೀಕೆರೆ ಬಸ್ ಎಷ್ಟೊತ್ತಿಗೆ?" ಎಂದರು.

ನಾವಿಬ್ಬರೂ ನಾಲ್ಕು ಗಂಟೆಯ ಬಸ್ಸಿಗೆ ಹೊರಟೆವು. ಬಸ್ಸು ತುಂಬಿತ್ತು. ಕಂಬ ಹಿಡಿದು ನಿಂತುಕೊಂಡೇ, ಇದಕ್ಕೆ ದೊಡ್ಡವರೆಲ್ಲ ಏನು ಹೇಳುತ್ತಾರೆ ಎಂದು ಕೇಳಿದರು. ಹೇಳಿದೆ. ಕೆಲವರು, ಕೇಳುವ ಮುಂಚೆ ಕಣಕ್ಕೆ ಉತ್ತರವೇ ಇರಲಿಲ್ಲ, ಇತ್ತೇ ಎಂದು ಕೇಳುವುದೇ ತಪ್ಪು ಎನ್ನುತ್ತಾರೆ.

"ಅದು ಮೇಷ್ಟ್ರಿಗೆ ಗೊತ್ತಿಲ್ಲದಾಗ ಹುಡುಗರನ್ನ ಕೂರಿಸೋ ರೀತಿ. ನಾನೂ ಮಾಡಿದೀನಿ."

ಇನ್ನು ಕೆಲವರು, ಕಣಕ್ಕೆ ಜಾಗವೂ ಇದೆ, ದಾರಿ ತೋರಿಸುವ ಅಲೆಯೂ ಒಂದಿದೆ, ಆ ಅಲೆ ಇಲ್ಲಿ ಮುಟ್ಟಿದರೆ ಅಲ್ಲಿ ಆ ಕ್ಷಣವೇ ಅಲುಗುತ್ತದೆ ಎನ್ನುತ್ತಾರೆ ಎಂದೆ. "ಅವನು ತಂತಿ ಇದೆ ಅಂತ ಒಪ್ಪಿಕೊಂಡ ಹಾಗಾಯ್ತು. ಮರ್ಯಾದಸ್ಥ," ಎಂದು ಬಹಳ ಹೊತ್ತು ಅದನ್ನೇ ಯೋಚಿಸಿದರು. ಮೂರನೆಯವರು ಎರಡು ಉತ್ತರವೂ ಬರುತ್ತದೆ ಎನ್ನುತ್ತಾರೆ. ಹೌದು ಬಂದ ಲೋಕ ಒಂದು, ಇಲ್ಲ ಬಂದ ಲೋಕ ಒಂದು, ಎರಡೂ ನಿಜ.

"ಹಂಗಾದ್ರೆ ಇನ್ನೊಂದು ಬಸ್ಸಲ್ಲಿ ನಾನು ಪುಸ್ತಕ ಅಚ್ಚು ಹಾಕ್ಸೋಕೆ ಹೋಗ್ತಾ ಇದೀನಿ ಅನ್ನು."

ಪಕ್ಕದಲ್ಲಿ ಈರುಳ್ಳಿ ಚೀಲ ಒತ್ತಿಕೊಂಡು ನಿಂತಿದ್ದ ಒಬ್ಬ ಹೆಂಗಸು ಅಷ್ಟು ಹೊತ್ತೂ ಕೇಳಿಸಿಕೊಂಡಿದ್ದಳು. "ಆ ಬಸ್ಸಲ್ಲಾದ್ರೂ ನಂಗೆ ಸೀಟು ಸಿಕ್ಕೈತೇನೋ ನೋಡಿ ಮೇಷ್ಟ್ರೇ," ಎಂದಳು. ಮೇಷ್ಟ್ರು ತರೀಕೆರೆ ಬರುವವರೆಗೂ ಅದನ್ನು ನೆನೆದು ನಗುತ್ತಿದ್ದರು.

ಅಚ್ಚುಕೂಟದಲ್ಲಿ ಕೊನೆಯ ಭಾಗದ ಹದಿನಾರು ಪುಟ ಕಲ್ಲಿನ ಹಾಸಿನ ಮೇಲೆ ದಾರ ಕಟ್ಟಿ ಸಿದ್ಧವಾಗಿತ್ತು. ಮೊಳೆ ಜೋಡಿಸುವವರು ವಯಸ್ಸಾದವರು, ಬೆರಳ ತುದಿ ಕಪ್ಪು. ಕೊನೆಯ ಆರು ಪುಟ ಬಿಚ್ಚಬೇಕು ಎಂದಾಗ ಅವರು ಮೇಷ್ಟ್ರನ್ನು ನೋಡಿ ನನ್ನನ್ನು ನೋಡಿದರು.

"ಎಲ್ಲಾರೂ ಮೆಚ್ಚಿದ್ದು ಅದೇ ಅಲ್ವಾ? ನಾನೂ ಜೋಡಿಸ್ತಾ ಓದಿದೀನಿ. ಕಾಯಿ ಚೆನ್ನಾಗೈತೆ."

"ಕಾಯಿ ಚೆನ್ನಾಗಿದೆ. ಅದಕ್ಕೆ ಒಂದೇ ಪ್ರಶ್ನೆ, ಕಣ್ಣಿದೆಯೋ ಇಲ್ಲವೋ. ಮೂರು ಪ್ರಶ್ನೆ ಕೇಳಿದ್ರೆ ಸೋಲುತ್ತೆ," ಎಂದು ಮೇಷ್ಟ್ರು ಅಂಗಿಯ ತೋಳು ಮಡಿಸಿದರು. "ನಾವೂ ಬಿಚ್ತೀವಿ, ಯಾವ ಮೊಳೆಗೆ ಯಾವ ಮನೆ ತೋರ್ಸಿ."

ಸಂಜೆ ಬೆಳಕು ಇರುವಷ್ಟು ಹೊತ್ತು ನಾವು ಮೂವರೂ ಮೊಳೆ ಬಿಚ್ಚಿ, ಒಂದೊಂದು ಅಕ್ಷರವನ್ನೂ ಪೆಟ್ಟಿಗೆಯ ಅದರದರ ಮನೆಗೆ ಹಾಕಿದೆವು. ನನ್ನ ಕೈಯಿಂದ ತಪ್ಪು ಮನೆಗೆ ಬಿದ್ದ ಮೊಳೆಗಳನ್ನು ಹುಡುಕಿ ತೆಗೆಯುವುದೇ ಅವರಿಗೆ ಹೆಚ್ಚಿನ ಕೆಲಸವಾಯಿತು. ಒಂಬತ್ತು ವರ್ಷದ ಹಿಂದೆ ಐದು ನಿಮಿಷದಲ್ಲಿ ಹೇಳಿದ್ದನ್ನು ಹೀಗೆ ಅಕ್ಷರ ಅಕ್ಷರವಾಗಿ ಹಿಂದಕ್ಕೆ ತೆಗೆದುಕೊಂಡೆ.

ಹೊಸ ಅಧ್ಯಾಯ ಬರೆಯಲು ಮೇಷ್ಟ್ರಿಗೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಉಳಿದ ಹತ್ತು ಪುಟ ದಾರ ಕಟ್ಟಿಕೊಂಡು ಮೂಲೆಯಲ್ಲಿದ್ದವು. ಹೊಸ ಅಧ್ಯಾಯದಲ್ಲಿ ತೆಂಗಿನಕಾಯಿ ಇದೆ, ಅದು ಎಲ್ಲಿ ಸೋಲುತ್ತದೆ ಎಂಬುದೂ ಇದೆ. ಎರಡು ಶನಿವಾರದ ಲೆಕ್ಕವಿದೆ. ಗಂಟೆಯ ಸಂಗತಿಯನ್ನು ಸ್ಟೇಷನ್ ಮಾಸ್ಟರನ ಒಪ್ಪಿಗೆ ಕೇಳಿಯೇ ಬರೆದರು. ಮೂರು ಬಗೆಯ ವಿವರಣೆಗಳನ್ನು ಯಾವುದರ ಪರವೂ ವಹಿಸದೆ ಹೇಳಿದ್ದಾರೆ. ಕೊನೆಯ ಸಾಲಿನಲ್ಲಿ, ಇವುಗಳಲ್ಲಿ ಯಾವುದು ನಿಜವೆಂದು ನನಗೆ ಗೊತ್ತಿಲ್ಲ, ನಾನು ಎಣಿಸಿದ್ದು ಮಾತ್ರ ಗೊತ್ತು ಎಂದಿದೆ. ಪುಸ್ತಕ ಹೀಗೆ ಮುಗಿದರೆ ಯಾರು ಕೊಳ್ಳುತ್ತಾರೆ ಎಂದು ಅಚ್ಚುಕೂಟದವರು ಕೇಳಿದ್ದರು. ಹೆಚ್ಚು ಜನ ಕೊಳ್ಳಲೂ ಇಲ್ಲ. ಆದರೆ ಮೇಷ್ಟ್ರು ಆಮೇಲೆ ಬದುಕಿದ್ದ ಆರು ವರ್ಷವೂ ಮೂರು ಗಂಟೆಯ ಪ್ಯಾಸೆಂಜರ್ ಹೊತ್ತಿಗೆ ಸ್ಟೇಷನ್ನಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಏನು ನೋಡುತ್ತೀರಿ ಎಂದು ಒಮ್ಮೆ ಕೇಳಿದೆ. "ಶಿವನೀನ," ಎಂದರು.

ಅಂದು ಮೂರು ಹದಿನೈದಕ್ಕೆ ಆ ಕೋಣೆಯ ಒಳಗೂ ಬಾಗಿಲಲ್ಲೂ ಇದ್ದವರು ನನ್ನನ್ನು ಸೇರಿಸಿ ಐದು ಜನ. ಮೇಷ್ಟ್ರು ಈಗಿಲ್ಲ. ಗಂಟೆ ಇಲ್ಲದೆ ಬರೆಯುವುದು ಕಷ್ಟವೆಂದ ಶಿವನಿಯ ಮಾಸ್ಟರೂ ಚೌಳಹಿರಿಯೂರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಅಜ್ಜಂಪುರದ ಸ್ಟೇಷನ್ ಮಾಸ್ಟರ್ ನಿವೃತ್ತನಾಗಿ ಕಡೂರಿನಲ್ಲಿದ್ದಾನೆ. ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ. ಮೇಷ್ಟ್ರ ಮಗಳು ಶಿವನಿಯಲ್ಲೇ ಇದ್ದಾಳೆ. ಎರಡು ಶನಿವಾರದ ನಾಲ್ಕು ಹಾಳೆಗಳೂ ಅವಳ ಪೆಟ್ಟಿಗೆಯಲ್ಲಿವೆ, ಪೆನ್ಸಿಲ್ ಗುರುತು ಇನ್ನೂ ಓದಬಹುದು.